ಇಲ್ಲ ಎನ್ನದ ಬ್ಲಡ್ ಬ್ಯಾಂಕ್

ಬ್ಲಡ್ ಬ್ಯಾಂಕಿನಲ್ಲಿ ಯಾವ ರಕ್ತ ಉಂಟೆಂದು ಹೇಳುವ ಆ್ಯಪ್ ಅದು. ಅಸ್ಕರ್ ವೈಫೈ ಆಫ್ ಮಾಡಿ ಅದರ ಟೆಸ್ಟ್ ಓಡಿಸಿದ. ಇಪ್ಪತ್ತೆರಡು ಟೆಸ್ಟೂ ಪಾಸು!

"ನೆಟ್ಟೇ ಇಲ್ಲದೆ ಬ್ಲಡ್ ಬ್ಯಾಂಕ್ ಹೇಗೆ ಉತ್ತರ ಕೊಟ್ಟಿತು ಮಾರಾಯ?"

ಜೊತೆಗೆ ಆ್ಯಪ್ ಮಾಡುತ್ತಿದ್ದ ನಿತೇಶ್ ನಕ್ಕ. "ಅದು ಟೆಸ್ಟಿಗೆಂದು ನಾನೇ ಬರೆದಿಟ್ಟ ಉತ್ತರ. ಎಲ್ಲರೂ ಹಾಗೇ ಮಾಡುವುದು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಹೇಗೆ ಗೊತ್ತಾಗ್ಬೇಕು? ಸಂಜೆ ಆ್ಯಪನ್ನು ಜನರಿಗೆ ಬಿಡುವ."

ಅಸ್ಕರನಿಗೆ ಮೈಯೆಲ್ಲ ಉರಿಯಿತು. ಆ ಉತ್ತರಗಳಿದ್ದ ಫೈಲು ತೆರೆದ. ಇಪ್ಪತ್ತೆರಡು ಉತ್ತರಗಳಲ್ಲೂ ಒಂದೇ ಮಾತು: ರಕ್ತ ಉಂಟು. ಇಷ್ಟು ಒಳ್ಳೆಯ ಬ್ಲಡ್ ಬ್ಯಾಂಕ್ ಯಾವ ಊರಲ್ಲುಂಟು? ಅನುಮಾನ ಗಟ್ಟಿಯಾಗಿ, ಒ ನೆಗೆಟಿವ್ ರಕ್ತದ ಉತ್ತರ ಅಳಿಸಿ 'ರಕ್ತ ಇಲ್ಲ' ಎಂದು ಬರೆದು ಮತ್ತೆ ಓಡಿಸಿದ.

ಆಗಲೂ ಆ್ಯಪ್ ಹೇಳಿತು: "ಒ ನೆಗೆಟಿವ್ ಉಂಟು, ಕೂಡಲೇ ಬನ್ನಿ."

"ಇದನ್ನು ನಂಬಿ ಶಿರ್ತಾಡಿಯಷ್ಟು ದೂರದ ಊರಿಂದ ಯಾರಾದರೂ ಬಸ್ಸು ಹತ್ತಿದರೆ?"

ನಿತೇಶ್ ತಪ್ಪು ಹುಡುಕಲು ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.