ಮೂಲೆ ಇರುವ ಹೊಟ್ಟೆ

"ಸ್ವಲ್ಪ ಆ ಕಡೆ ತಿರುಗು. ಹೊಟ್ಟೆಗೆ ಮೂಲೆ ಕಾಣ್ತಿದೆ."

"ದಿಂಬಿಗೆ ಮೂಲೆ ಇರದೆ ಇನ್ನೇನು ಮೂಗಿರುತ್ತೇನ್ರೀ?" ಎಂದಳು ಹೆಂಡತಿ. ಅಂಗಿಯೊಳಗೆ ಕೈ ಹಾಕಿ ತನ್ನ ಏಳು ತಿಂಗಳನ್ನು ಗುದ್ದಿ ದುಂಡಗೆ ಮಾಡಿಕೊಂಡಳು.

ಊರಿನವರ ಮುಖಗಳಿಗೆಲ್ಲ ಹೊಳಪು ಕೊಟ್ಟ ಫೋಟೋಗ್ರಾಫರನಿಗೆ ಸ್ವಂತ ಹೆಂಡತಿಯ ಹೊಟ್ಟೆ ಬೆವರಿಳಿಸುತ್ತಿತ್ತು. ಬಿಳಿ ಪರದೆಯ ಹಿಂದೆ ಎರಡು ದೀಪ, ಮುಂದೆ ಕತ್ತಲೆ. ಪರದೆಯ ಬೆಳಕನ್ನಷ್ಟೇ ಅಳೆದು ಕ್ಯಾಮೆರಾ ಹೊಂದಿಸಿದರೆ ಮುಂದೆ ನಿಂತವರು ಮಸಿಯ ಬೊಂಬೆಯಾಗುತ್ತಾರೆ. ಮುಖದ ಗಾಬರಿ, ಬಟ್ಟೆಯ ಸುಕ್ಕು ಎಲ್ಲ ಮಾಯ. ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂದುಕೊಂಡಿದ್ದ. ಆದರೆ ಆಕೃತಿಯ ಅಂಚು ಮಹಾ ಚಾಡಿಕೋರ. ದಿಂಬಿನ ಮೂಲೆಯನ್ನೂ ಬಿಡದೆ ಒಪ್ಪಿಸುತ್ತಿತ್ತು.

ಇಂಥದೇ ಫೋಟೋ ಬೇಕೆಂದು ಹಟ ಹಿಡಿದವಳು ಅವನ ಅಮ್ಮ. ಆರು ತಿಂಗಳಿಂದ ಬೇರೆ ಊರಿನಲ್ಲಿ ತನ್ನ ತಂಗಿಯ ಮನೆಯಲ್ಲಿದ್ದಳು. "ನೀನು ಹೊಟ್ಟೆಯಲ್ಲಿದ್ದಾಗ ನಾನು ಕಿಟಕಿ ಮುಂದೆ ಅಡ್ಡ ನಿಂತು ತೆಗೆಸಿದ್ನಲ್ಲ, ಹಾಗೇ ಪೂರ್ತಿ ಕಪ್ಪಗೆ ಬರಲಿ," ಎಂದು ಫೋನಿನಲ್ಲೇ ಅಪ್ಪಣೆಯಾಗಿತ್ತು. ಮೊಮ್ಮಗುವಿಗೂ ನಮ್ಮ ಮನೆಯ ಮೂಗೇ ಬರುತ್ತದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದಳಂತೆ.

ಮೊಮ್ಮಗು ಬರುವುದು ಅನಾಥಾಶ್ರಮದಿಂದ. ಎಂಟು ವರ್ಷ ಆಸ್ಪತ್ರೆಗಳನ್ನು ಸುತ್ತಿ ಸುಸ್ತಾದ ಗಂಡಹೆಂಡತಿ ಕಾಗದಕ್ಕೆ ಸಹಿ ಹಾಕಿ ಬಂದಿದ್ದರು. ಇನ್ನೆರಡು ತಿಂಗಳಲ್ಲಿ ಎಳೆಗೂಸು ಮನೆಗೆ ಬರುವುದಿತ್ತು. ಅದನ್ನು ಯಾರೂ ಹೊರಗಿನದೆಂದು ನೋಡಬಾರದು, ಅದರಲ್ಲೂ ಅಮ್ಮ ನೋಡಬಾರದು. ಅಷ್ಟಕ್ಕೇ ಇಷ್ಟು ನಾಟಕ. ಭಯ ಅವನಿಗೇ ಹೆಚ್ಚು. ಅಮ್ಮನ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಇನ್ನೇನು ಕ್ಲಿಕ್ಕಿಸಬೇಕು, ಸ್ಟುಡಿಯೋದ ಬಾಗಿಲು ತೆರೆಯಿತು. ನಾಳೆ ಬರಬೇಕಿದ್ದ ಅಮ್ಮ ಇವತ್ತೇ ಪೆಟ್ಟಿಗೆ ಹಿಡಿದು ನಿಂತಿದ್ದಳು. ಹೊರಗಿನ ಬಿಸಿಲು ನೇರವಾಗಿ ಹೆಂಡತಿಯ ಮೇಲೆ ಬಿತ್ತು.

"ಬಾಗಿಲು ಹಾಕಮ್ಮ, ಬೆಳಕು ಬಂದ್ರೆ ಫೋಟೋ ಕೆಡುತ್ತೆ," ಎಂದ. ದನಿ ಕೀರಲಾಗಿತ್ತು.

ಅಮ್ಮ ಬಾಗಿಲು ಹಾಕಿದಳು. ಕ್ಯಾಮೆರಾದ ಪಕ್ಕ ನಿಂತು ಪರದೆಯ ಮುಂದಿನ ಕಪ್ಪು ಆಕೃತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸೊಸೆ ಅಂಗೈಯಿಂದ ದಿಂಬಿನ ಮೂಲೆ ಮುಚ್ಚಿಕೊಂಡಳು.

"ಏಳು ತಿಂಗಳಿಗೆ ಹೊಟ್ಟೆ ಅಷ್ಟು ಮೇಲಿರಲ್ಲ ಕಣೇ," ಎನ್ನುತ್ತಾ ಅಮ್ಮ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಹೊಟ್ಟೆಯನ್ನು ಹಿಡಿದು ಕೆಳಕ್ಕೆ ಜಗ್ಗಿದಳು.

ಹೊಟ್ಟೆ ಕೈಗೇ ಬಂತು.

ಮೂವರೂ ದಿಂಬನ್ನು ನೋಡಿದರು. ಅವನಿಗೆ ಅಳುವೇ ಬಂದುಬಿಟ್ಟಿತು. "ಅಮ್ಮ, ಆ ಮಗು..." ಎಂದು ತೊದಲಿದ.

"ನೀನು ಸುಮ್ನಿರೋ," ಎಂದ ಅಮ್ಮ ದಿಂಬನ್ನು ಮೂಲೆಗೆಸೆದು, ಪೆಟ್ಟಿಗೆಯಿಂದ ಹಳೆಯ ಶಾಲೊಂದನ್ನು ತೆಗೆದು ಸೊಸೆಯ ಸೊಂಟಕ್ಕೆ ಸುತ್ತತೊಡಗಿದಳು. "ದಿಂಬು ಯಾರಾದ್ರೂ ಕಟ್ಕೋತಾರೇನೇ? ಇವನನ್ನ ಆಶ್ರಮದಿಂದ ತರೋ ತನಕ ನಾನು ಈ ಶಾಲನ್ನೇ ಸುತ್ಕೊಂಡು ಓಡಾಡಿದ್ದು, ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ."