ಗುರುವಾರದ ಸೂಜಿ

"ಜ್ವರ, ಕೆಮ್ಮು ಏನರ ಐತೇನ್ರಿ?" ಊರಿನ ಆಸ್ಪತ್ರೆಯಲ್ಲಿ ಸಿರಿಂಜಿಗೆ ಔಷಧಿ ಎಳೆಯುವ ಮೊದಲು ನರ್ಸ್ ನಾಗರತ್ನ ಪ್ರತಿ ಗುರುವಾರದಂತೆ ಕೇಳಿದಳು.

"ಏನಿಲ್ಲವ್ವಾ," ಎಂದಳು ದಾಕ್ಷಾಯಣಮ್ಮ.

ಬೆಳಗಿನಿಂದ ಮೈ ಸುಡುತ್ತಿತ್ತು. ಜ್ವರದ ಮಾತ್ರೆ ನುಂಗಿ, ಸೆರಗಿನಲ್ಲಿ ಕೆಮ್ಮು ಅದುಮಿಕೊಂಡು ಬಂದಿದ್ದಳು. ರವಿಕೆ, ಜಂಪರ್ ಹೊಲಿಯುವುದರಲ್ಲಿ ಕೊಟ್ಟೂರಿನಲ್ಲಿ ಅವಳದು ದೊಡ್ಡ ಹೆಸರು. ಕೀಲುವಾತ ಬಂದು ಎರಡು ವರ್ಷ ಬೆರಳು ಕಟ್ಟಿಗೆಯಾಗಿದ್ದವು. ದಾವಣಗೆರೆಯ ಡಾಕ್ಟರು ವಾರಕ್ಕೊಂದು ಸೂಜಿ ಬರೆದುಕೊಟ್ಟ ಮೇಲೆಯೇ ಕತ್ತರಿ ಮತ್ತೆ ಕೈಗೆ ಬಂದದ್ದು. ಈಗ ಪಕ್ಕದ ಓಣಿಯ ಹುಡುಗಿ ವಾಣಿಶ್ರೀಯ ಮದುವೆಯ ಒಂಬತ್ತು ಜಂಪರ್ ಒಪ್ಪಿಕೊಂಡಿದ್ದಳು. ಈ ವಾರದ ಸೂಜಿ ತಪ್ಪಿದರೆ ಗತಿಯೇನು?

"ಸುಳ್ಳು ಹೇಳ್ತಾಳ್ರಿ," ಎಂದ ಬಾಗಿಲಲ್ಲಿ ನಿಂತಿದ್ದ ಗಂಡ ಹಾಲೇಶಪ್ಪ. "ಎರಡು ದಿನದಿಂದ ಕೆಮ್ಮಾಕತ್ಯಾಳ." ಇಪ್ಪತ್ತು ವರ್ಷದ ಸಂಸಾರದಲ್ಲಿ ಆತ ಮಂದಿ ಮುಂದೆ ಹೆಂಡತಿಯ ಮಾತು ತೆಗೆದುಹಾಕಿದ್ದು ಅದೇ ಮೊದಲು.

ನಾಗರತ್ನ ಔಷಧಿ ಬಾಟ್ಲಿಯನ್ನು ಮತ್ತೆ ಡಬ್ಬಿಯಲ್ಲಿಟ್ಟಳು. "ಅಮ್ಮಾ, ನಿಮ್ಮ ಮೈ ಕಾಯೋ ಶಕ್ತಿನೇ ನಿಮ್ಮ ಕೀಲಿನ ಮ್ಯಾಲೆ ತಿರುಗಿ ಬಿದ್ದೈತಿ. ಅದನ್ನ ಮೆತ್ತಗ ಮಾಡೋ ಔಷಧ ಇದು. ಬ್ಯಾರೆ ರೋಗ ಹೊಕ್ಕಾಗ ಇದನ್ನ ಕೊಟ್ರ, ತಡಿಯೋರು ಯಾರ್ರಿ? ಮೊದ್ಲು ಡಾಕ್ಟರಿಗೆ ತೋರಸ್ರಿ."

ಎದೆಯಲ್ಲಿ ಸೋಂಕಾಗಿತ್ತು. ಪೂರ್ತಿ ವಾಸಿಯಾಗಿ, ರಕ್ತ ಪರೀಕ್ಷೆ ಮಾಡಿ ನೋಡುವ ತನಕ ಸೂಜಿ ಬೇಡವೆಂದರು ಡಾಕ್ಟರು. ದಾಕ್ಷಾಯಣಮ್ಮ ಮೂರು ದಿನ ಗಂಡನ ಜೊತೆ ಮಾತು ಬಿಟ್ಟಳು. ಮರುವಾರ ಬೆರಳು ಬಿಗಿಯತೊಡಗಿದವು. ಮಷೀನು ಹೇಗೋ ತುಳಿದಳು; ಹುಕ್ಕು ಹಚ್ಚುವ ಸಣ್ಣ ಸೂಜಿ ಮಾತ್ರ ಬೆರಳಲ್ಲಿ ನಿಲ್ಲಲಿಲ್ಲ. ಹಾಲೇಶಪ್ಪ ಕಿರಾಣಿ ಅಂಗಡಿಗೆ ಬೀಗ ಹಾಕಿ ಬಂದು ಪಕ್ಕದಲ್ಲಿ ಕೂತ.

"ತಾ ಇಲ್ಲಿ. ಹೆಂಗ ಹಚ್ಚೋದು ಹೇಳು."

"ನಿಮ್ಮ ಕೈಲೆ ಆಗ್ತೈತೇನು?"

ಮೊದಲ ಹುಕ್ಕು ಸೊಟ್ಟ, ಎರಡನೆಯದು ತಲೆಕೆಳಗು. "ಬಿಚ್ರಿ, ಬಿಚ್ರಿ!" ಎನ್ನುತ್ತ ದಾಕ್ಷಾಯಣಮ್ಮ ನಕ್ಕಳು. ಅಂತೂ ಮದುವೆಗೆ ಮುಂಚೆ ಒಂಬತ್ತೂ ಜಂಪರ್ ವಾಣಿಶ್ರೀಯ ಮನೆ ಸೇರಿದವು.

ಎದೆ ತಿಳಿಯಾಯಿತು, ಗುರುವಾರದ ಸೂಜಿ ಮತ್ತೆ ಶುರುವಾಯಿತು. ತಿಂಗಳೊಪ್ಪತ್ತಿನಲ್ಲಿ ಬೆರಳು ಸಡಿಲಾದವು. ಒಂದು ಮಧ್ಯಾಹ್ನ ಅವಳು ಹುಕ್ಕು ಹಚ್ಚಲು ಹೊಸ ಜಂಪರ್ ತೆಗೆದುಕೊಂಡಾಗ ಹಾಲೇಶಪ್ಪ ಅದನ್ನು ತನ್ನ ಕಡೆ ಎಳೆದುಕೊಂಡ. ಕನ್ನಡಕ ಏರಿಸಿ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡುತ್ತ ಅಂದ:

"ಬಿಡು, ಹುಕ್ಕು ನನ್ನ ಪಾಲಿಂದು."