ಎಪ್ಪತ್ತೈದು ಇಂಚು

“ಬೀಗರ, ನನ್ನ ಗಾಡ್ಯಾಗಿನ ಟಿವಿ ಇಲ್ಲಿ ಹಚ್ಚಿದ್ರ ಅಲ್ಲಿ ಮಿರಜಿನ ಮಂದಿ ತಮ್ಮ ಕಟ್ಟಿ ಮ್ಯಾಲ ಕುಂತ ನೋಡತಾರ್ರಿ! ಕಣ್ಣ ಚಲೋ ಇದ್ದವರು ಕೆಳಗಿನ ಅಕ್ಷರಾನೂ ಓದತಾರ!”

ಕಾಗವಾಡದ ದ್ರಾಕ್ಷಿತೋಟದ ದಾರಿಯಲ್ಲಿ ಗಾಡಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಬೋರಗಾಂವದ ಜಿನ್ನಪ್ಪ ಎರಡೂ ಕೈ ಅಗಲಿಸಿದ. ಗಾಡಿಯೆಂದರೆ ಹಳೆಯ ಮಿನಿ ಬಸ್ಸು. ಸೀಟು ಕಿತ್ತು, ಮಂಚ ಹಾಕಿ, ಹಿಂಬದಿಗೆ ಗ್ಯಾಸಿನ ಒಲೆ, ಹಿಟ್ಟು, ಬೇಳೆ ಇಟ್ಟು ಯಾತ್ರೆಗೆಂದು ಅದನ್ನೇ ಮನೆ ಮಾಡಿಕೊಂಡಿದ್ದ. ನಾಳೆ ಬೆಳಿಗ್ಗೆ ಬೀಗರನ್ನೂ ಕೂಡಿಸಿಕೊಂಡು ಶ್ರವಣಬೆಳಗೊಳಕ್ಕೆ ಹೊರಡುವುದಿತ್ತು.

ಹೋದ ಸಲ ಮಗಳು ರೂಪಾಲಿಯ ಮಾವ ತವನಪ್ಪ ಒಳಗಿನ ಡಬ್ಬಾ ಟಿವಿ ನೋಡಿ, “ಏನ್ರಿ ಇದು, ಹಿಟ್ಟಿನ ಗಿರಣಿ ತಂದ ಇಟ್ಟೀರಿ?” ಎಂದು ನಕ್ಕಿದ್ದ. ಆ ಗಿರಣಿ ಆರು ತಿಂಗಳಿಂದ ಜಿನ್ನಪ್ಪನ ಹೊಟ್ಟೆಯೊಳಗೆ ಬೀಸುತ್ತಲೇ ಇತ್ತು. ಇಂದು ನಿಪ್ಪಾಣಿಯಲ್ಲಿ ಡಬ್ಬಾ ಕೊಟ್ಟು, ಚಪ್ಪಟೆ ಟಿವಿ ಕೂಡಿಸಿಕೊಂಡು ನೆಟ್ಟಗೆ ಇಲ್ಲಿಗೇ ಬಂದಿದ್ದ. ಹೊರಡುವ ಮೊದಲೇ ಫೋನಿನಲ್ಲಿ ಗುಡುಗಿದ್ದ: “ಇವತ್ತ ಒಲಿ ಹಚ್ಚಬ್ಯಾಡ್ರಿ. ಸಂಜಿ ಊಟ ನನ್ನ ಗಾಡ್ಯಾಗ!”

ಹೀಗಾಗಿ ಬೀಗರ ಮನೆಯ ಒಲೆ ತಣ್ಣಗಿತ್ತು. ಹೊತ್ತು ಮುಳುಗಿದ ಮೇಲೆ ಜೈನರಾದ ಇವರಲ್ಲಿ ಯಾರೂ ತುತ್ತು ಮುಟ್ಟುವವರಲ್ಲ. ಸೂರ್ಯ ಬಳ್ಳಿಗಳ ಮೇಲೆ ಒಂದೇ ಮೊಳ ಉಳಿದಿದ್ದ.

“ಬಾಗಿಲ ಬಿಟ್ಟ ಸರೀರಿ, ನಾಕ ಚಪಾತಿ ಲಟ್ಟಿಸಿಬಿಡತೇನಿ,” ಎಂದಳು ನಿನ್ನೆಯೇ ಇಲ್ಲಿಗೆ ಬಂದಿದ್ದ ಅವನ ಹೆಂಡತಿ ಚಂದ್ರಮತಿ.

“ಏನ ಗಡಿಬಿಡಿ? ಮೊದ್ಲ ಟಿವಿ ಬಗ್ಗಿ ಕೇಳ್ರಿ. ಅದರಾಗ ಮಳಿ ಬಂದ್ರ ಕೆಳಗ ಬಕೀಟ ಇಡಬೇಕು, ಹಂತಾ ಟಿವಿ!”

“ಹೊಟ್ಟಿ ತುಂಬಸತೈತೇನ್ರಿ ಅದು?” ಎಂದಳು ಬೀಗತಿ ಸುಂದರಾಬಾಯಿ.

“ಹಂಗಲ್ರಿ ಅಕ್ಕಾರ, ಒಳಗ ಹೋದ್ರ ಬೆಳಕಿಗೆ ಕಣ್ಣ ಕುಕ್ಕತಾವು. ದೂರಿಂದ ನೋಡೂದ ಬೇಷ್.”

ಸೂರ್ಯ ಅರ್ಧ ಮೊಳಕ್ಕಿಳಿದ. ತವನಪ್ಪ ದ್ರಾಕ್ಷಿ ಪೆಟ್ಟಿಗೆ ಸರಿಸಿದ ಹಾಗೆ ಬೀಗನನ್ನು ಹಗುರಾಗಿ ಪಕ್ಕಕ್ಕೆ ಸರಿಸಿ ಬಾಗಿಲು ಎಳೆದ.

ಒಳಗೆ ಕರಿ ಗೋಡೆಯೊಂದು ಎದ್ದು ನಿಂತಿತ್ತು. ಎಪ್ಪತ್ತೈದು ಇಂಚು! ಈ ಕಿಟಕಿಯಿಂದ ಆ ಕಿಟಕಿಗೆ, ಕೆಳಗಿನ ಟ್ರಂಕಿನಿಂದ ಮೇಲಿನ ಸೂರಿಗೆ ಗಾಡಿಯನ್ನೇ ಎರಡು ಹೋಳು ಮಾಡಿ ಬೋಲ್ಟ್ ಜಡಿದಿದ್ದರು. ಒಲೆ, ಹಿಟ್ಟು, ಬೇಳೆ, ಮಂಚ ಎಲ್ಲವೂ ಅದರ ಆಚೆ; ಆ ಕಡೆ ಬೇರೆ ಬಾಗಿಲೂ ಇಲ್ಲ. ಇಲಿಯೂ ಹೊಟ್ಟೆ ಒಳಗೆಳೆದುಕೊಂಡೇ ದಾಟಬೇಕು.

“ಅಯ್ಯ ನಮ್ಮಪ್ಪಾ!” ಚಂದ್ರಮತಿ ಹಣೆ ಚಚ್ಚಿಕೊಂಡಳು. “ಟಿವಿ ಗಾಡ್ಯಾಗ ಕುಂತ ಯಾತ್ರಾ ಮಾಡ್ಲಿ, ನಾವ ಹಿಂದ ನಡಕೋತ ಹೋಗೂಣೇನು?”

“ಬಿಚ್ಚಾಕ ಎಷ್ಟೊತ್ತ ಬೇಕ್ರಿ?” ತವನಪ್ಪ ಕೇಳಿದ.

“ಮೂರ ಮಂದಿ, ಎರಡ ತಾಸ,” ಎಂದ ಜಿನ್ನಪ್ಪ. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಬಂದ ಮೊದಲ ಸರಿಯಾದ ಅಳತೆ ಅದು.

ಸುಂದರಾಬಾಯಿ ಬಳ್ಳಿಯೊಳಗೆ ಓಡಿ ಸೆರಗಿನ ತುಂಬ ದ್ರಾಕ್ಷಿ ತಂದಳು. ನಾಲ್ವರೂ ಬದುವಿನ ಮೇಲೆ ಸಾಲಾಗಿ ಕುಳಿತು, ಸೂರ್ಯನ ಮೇಲೆ ಒಂದು ಕಣ್ಣಿಟ್ಟು, ಗೊಂಚಲಿಗೆ ಗೊಂಚಲು ಖಾಲಿ ಮಾಡತೊಡಗಿದರು. ನಗು ತಡೆಯಲಾರದೆ ತವನಪ್ಪನಿಗೆ ಎರಡು ಸಲ ನೆತ್ತಿಗೇರಿತು.

“ಖರೇ ಹೇಳ್ರಿ ಬೀಗರ. ಇಷ್ಟ ದೊಡ್ಡದ ಅಂಗಡ್ಯಾಂವ ನಿಮ್ಮ ತಲಿಗೆ ಕಟ್ಟಿದ್ನೋ, ನೀವ ಬೇಡಿದ್ರೋ?”

ಜಿನ್ನಪ್ಪ ಕೈಯಲ್ಲಿದ್ದ ದ್ರಾಕ್ಷಿಯನ್ನು ಬದುವಿನ ಮೇಲಿಟ್ಟ.

“ಅಂವ ಮೂವತ್ತೆರಡ ಇಂಚ ಸಾಕ್ರಿ ಅಂದ. ನಾನ ಅಲ್ಲೇ ನಿಂತ ರೂಪಾಲಿಗೆ ಫೋನ್ ಹಚ್ಚಿ, ‘ನಿಮ್ಮ ಮಾವನ ಪಡಸಾಲ್ಯಾಗಿನ ಟಿವಿ ಎಷ್ಟ ಇಂಚ ಐತೆವ್ವಾ’ ಅಂತ ಕೇಳಿದೆ.” ಅವನ ದನಿ ಇಳಿಯಿತು. “ಅರವತ್ತೈದ ಅಂದ್ಲು.”